ಮುತ್ತಿಗೆಯೊಳಗೆ ನಾಟಕ: ಸರಯೇವೊ, 1992ರಿಂದ 1996

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮಲ್ಲಿ ಒಂದು ಗಾದೆ ಇದೆ. ಯುದ್ಧ ನಡೆಯುತ್ತಿರುವ ಊರಲ್ಲಿ ಜನ ನಾಟಕ ಆಡಿದರು, ಸಿನಿಮಾ ತೋರಿಸಿದರು ಅಂದ ಕೂಡಲೇ ಎಷ್ಟೋ ಜನರ ಬಾಯಿಗೆ ಬರುವುದು ಇದೇ ಗಾದೆ. ಕುಡಿಯೋಕೆ ನೀರಿಲ್ಲ, ತಲೆ ಮೇಲೆ ಶೆಲ್ ಬೀಳುತ್ತಿದೆ, ಇಂಥದ್ದರಲ್ಲಿ ನಾಟಕ ಬೇಕಾ? ಕೇಳಬಾರದ ಪ್ರಶ್ನೆಯೇನಲ್ಲ. ಆದರೆ ಸರಯೇವೊದ ಜನ ಪ್ರಾಣ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿ, ಸುಮಾರು ನಾಲ್ಕು ವರ್ಷ ನಾಟಕಕ್ಕೆ ಹೋದರು. ಯಾಕೆ ಹೋದರು, ಆಡುವವರು ಹೇಗೆ ಆಡಿದರು ಅನ್ನೋದನ್ನ ಕೂತು ನೋಡಿದರೆ ಈ ಗಾದೆ ಅವರಿಗೆ ಒಪ್ಪುವುದಿಲ್ಲ ಅಂತ ನನಗೆ ಅನ್ನಿಸಿದೆ. ಅದಕ್ಕೇ ಈ ಒಂದು ಪ್ರಕರಣವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಊರಿನ ಬಗ್ಗೆ. ಸರಯೇವೊ ಬೋಸ್ನಿಯಾದ ರಾಜಧಾನಿ. ಮಿಲ್ಯಾಟ್ಸ್ಕಾ ಅನ್ನೋ ಸಣ್ಣ ಹೊಳೆಯ ಎರಡೂ ದಡದಲ್ಲಿ ಉದ್ದಕ್ಕೆ ಹಬ್ಬಿದೆ. ಸುತ್ತ ಬೆಟ್ಟ. 1984ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇಲ್ಲೇ. ಮಸೀದಿ, ಚರ್ಚು, ಯಹೂದಿಗಳ ಸಿನಗಾಗ್ ಎಲ್ಲ ನಡೆದುಹೋಗುವಷ್ಟು ಹತ್ತಿರದಲ್ಲಿವೆ. ಬೋಸ್ನಿಯಾಕ್ ಮುಸ್ಲಿಮರು, ಸರ್ಬರು, ಕ್ರೊವಾಟರು, ಯಹೂದಿಗಳು ಒಂದೇ ಮಹಡಿ ಮನೆಗಳಲ್ಲಿ ಬಾಳಿದ್ದವರು, ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಟ್ಟು ತಂದವರು. 1992ರ ಏಪ್ರಿಲ್‌ನಲ್ಲಿ ಯುಗೊಸ್ಲಾವಿಯಾ ಒಡೆದು ಬೋಸ್ನಿಯಾ ಸ್ವತಂತ್ರವಾದಾಗ ಬೋಸ್ನಿಯನ್ ಸರ್ಬ್ ಪಡೆಗಳು ಸುತ್ತಲಿನ ಬೆಟ್ಟಗಳ ಮೇಲೆ ಫಿರಂಗಿ ಹೂಡಿ ಕೂತವು. 1996ರ ಫೆಬ್ರವರಿ ಕೊನೆವರೆಗೂ ಏಳಲಿಲ್ಲ. ಒಟ್ಟು 1,425 ದಿನ. 2012ರಲ್ಲಿ, ಯುದ್ಧ ಶುರುವಾಗಿ 20 ವರ್ಷ ಆದಾಗ, ಊರಿನ ಮುಖ್ಯ ರಸ್ತೆಯಲ್ಲಿ ಸತ್ತವರ ಲೆಕ್ಕಕ್ಕೆ ಒಂದೊಂದು ಕೆಂಪು ಕುರ್ಚಿ ಇಟ್ಟರು. 11,541 ಕುರ್ಚಿ.

ಈ ನಾಲ್ಕು ವರ್ಷ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಲ್ಲಿಯಲ್ಲಿ ನೀರಿಲ್ಲ. ಹಳೇ ಬಿಯರ್ ಕಾರ್ಖಾನೆಯ ಹತ್ತಿರ ಒಂದು ಬುಗ್ಗೆ ಇತ್ತು, ಅಲ್ಲಿ ಪ್ಲಾಸ್ಟಿಕ್ ಕ್ಯಾನು ಹಿಡಿದು ಸಾಲು ನಿಲ್ಲಬೇಕು. ಸಾಲಿನ ಮೇಲೂ ಶೆಲ್ ಬೀಳುತ್ತಿತ್ತು. ಕಿಟಕಿ ಗಾಜು ಒಡೆದ ಕಡೆಯೆಲ್ಲ ವಿಶ್ವಸಂಸ್ಥೆಯವರು ಹಂಚಿದ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರು. ಪಾರ್ಕಿನ ಮರಗಳನ್ನು ಕಡಿದು ಒಲೆಗೆ ಹಾಕಿದರು, ಅದೂ ಮುಗಿದ ಮೇಲೆ ಕುರ್ಚಿ ಮೇಜು ಹಾಕಿದರು, ಪುಸ್ತಕವನ್ನೂ ಹಾಕಿದರು. ಕವಲು ದಾರಿಗಳಲ್ಲಿ "ಎಚ್ಚರಿಕೆ, ಸ್ನೈಪರ್" ಅಂತ ಬೋರ್ಡು. ಅಲ್ಲಿ ಎಲ್ಲರೂ ಓಡುತ್ತಿದ್ದರು, ವಯಸ್ಸಾದವರೂ.

ಈಗ ನಾಟಕಕ್ಕೆ ಬರೋಣ.

1992ರ ಮೇ 17 ಅನ್ನೋ ಒಂದು ದಿನವನ್ನೇ ತೆಗೆದುಕೊಳ್ಳಿ. ಆ ದಿನ ಸರಯೇವೊದ ಓರಿಯೆಂಟಲ್ ಇನ್ಸ್ಟಿಟ್ಯೂಟ್ ಶೆಲ್ ದಾಳಿಗೆ ಹೊತ್ತಿ ಉರಿಯಿತು. ಅರಬ್ಬಿ, ಪಾರ್ಸಿ, ತುರ್ಕಿ ಭಾಷೆಗಳ 5,000ಕ್ಕೂ ಜಾಸ್ತಿ ಹಸ್ತಪ್ರತಿಗಳು ಬೂದಿಯಾದವು. ಅದೇ ದಿನ ಅದೇ ಊರಲ್ಲಿ ಸಫೆತ್ ಪ್ಲಾಕಾಲೊ, ದುಬ್ರಾವ್ಕೊ ಬಿಬಾನೊವಿಚ್ ಮತ್ತು ಅವರ ಒಂದಿಬ್ಬರು ರಂಗಭೂಮಿಯ ಗೆಳೆಯರು ಸೇರಿ ಹೊಸ ನಾಟಕ ತಂಡ ಕಟ್ಟಿದರು. ಹೆಸರು ಸರಯೇವೊ ಯುದ್ಧ ರಂಗಭೂಮಿ. ಚಿಕ್ಕದಾಗಿ ಸಾರ್ತ್ರ್. ಇದ್ದ ರಂಗಮಂದಿರಗಳು ಬಾಗಿಲು ಹಾಕಿದ್ದವು. ಕಲಾವಿದರಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ಬಂದೂಕು ಹಿಡಿದಿದ್ದರು. ಉಳಿದವರು ಯಾವ ತಂಡದವರು ಅಂತ ನೋಡದೆ ಒಂದಾದರು. ಯಾರ ಹೆಸರು ಯಾವ ಧರ್ಮದ್ದು ಅಂತಲೂ ನೋಡಲಿಲ್ಲ. ಇದು ದೊಡ್ಡ ಮಾತು, ಯಾಕಂದರೆ ಬೆಟ್ಟದ ಮೇಲಿದ್ದವರ ವಾದವೇ ಈ ಜನ ಒಟ್ಟಿಗೆ ಬಾಳುವುದಕ್ಕೆ ಆಗಲ್ಲ ಅನ್ನೋದಾಗಿತ್ತು.

ಸೆಪ್ಟೆಂಬರ್ 6ಕ್ಕೆ ಅವರ ಮೊದಲ ನಾಟಕ ರಂಗಕ್ಕೆ ಬಂತು. ಹೆಸರು "ಸ್ಕ್ಲೊನಿಷ್ಟೆ", ಅಂದರೆ ಶೆಲ್ ಬೀಳುವಾಗ ಜನ ಹೋಗಿ ಅಡಗುವ ಜಾಗ. ಮುತ್ತಿಗೆ ಶುರುವಾಗಿ ಐದೇ ತಿಂಗಳಿಗೆ ಅದೇ ಮುತ್ತಿಗೆಯ ಬಗ್ಗೆ ನಾಟಕ ಬರೆದು, ತಾಲೀಮು ಮಾಡಿ, ಆಡಿದರು. ಅದೇ ನವೆಂಬರ್‌ನಲ್ಲಿ ಕಾಮೆರ್ನಿ ತೇಯಾತರ್ 55 ಅನ್ನೋ ಪುಟ್ಟ ರಂಗಮಂದಿರದಲ್ಲಿ 1960ರ ದಶಕದ ಅಮೆರಿಕದ ಯುದ್ಧವಿರೋಧಿ ಸಂಗೀತ ನಾಟಕ "ಹೇರ್" ಶುರುವಾಯಿತು. ಹೊರಗೆ ಫಿರಂಗಿ, ಒಳಗೆ ರಾಕ್ ಹಾಡು.

ಇಂಥದ್ದೆಲ್ಲ ಕೇಳಲು ರೋಮಾಂಚನ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅದರ ಹಿಂದಿನ ಸಣ್ಣ ಸಣ್ಣ ಏರ್ಪಾಟು. ಸಂಜೆ ಏಳಕ್ಕೆ ನಾಟಕ ಇಡೋ ಹಾಗಿಲ್ಲ. ರಾತ್ರಿ ಕರ್ಫ್ಯೂ, ಬೀದಿದೀಪ ಇಲ್ಲ, ಕತ್ತಲಾದ ಮೇಲೆ ಹೊರಗೆ ಬರೋ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಪ್ರಯೋಗಗಳೆಲ್ಲ ಹಗಲಿಗೆ ಬಂದವು, ಮಧ್ಯಾಹ್ನ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಹಗಲಾದರೂ ಒಳಗೆ ಕತ್ತಲೆಯೇ. ಕರೆಂಟಿಲ್ಲದ ರಂಗಕ್ಕೆ ಬೆಳಕು ಮಾಡಬೇಕು ಅಂದರೆ ಜನರೇಟರ್ ಬೇಕು, ಅದಕ್ಕೆ ಡೀಸೆಲ್ ಬೇಕು, ಡೀಸೆಲ್‌ಗೆ ಕಪ್ಪುಬಜಾರಿನಲ್ಲಿ ಬಂಗಾರದ ಬೆಲೆ. ಇಲ್ಲದಿದ್ದರೆ ಮೇಣದಬತ್ತಿ. ಅದೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಚಳಿಗಾಲದಲ್ಲಿ ಹೀಟರ್ ಇಲ್ಲದ ಹಾಲ್‌ನಲ್ಲಿ ಜನ ಕೋಟು, ಮಫ್ಲರ್, ಟೋಪಿ ಏನನ್ನೂ ಬಿಚ್ಚದೆ ಕೂತು ನೋಡುತ್ತಿದ್ದರು, ನಟರು ಮಾತ್ರ ಪಾತ್ರದ ತೆಳು ಬಟ್ಟೆಯಲ್ಲಿ ನಿಲ್ಲಬೇಕು. ಪಾತ್ರಧಾರಿಗಳಲ್ಲಿ ಕೆಲವರು ಮುಂಚೂಣಿಯಲ್ಲಿ ಪಾಳಿ ಮುಗಿಸಿ ನೇರ ತಾಲೀಮಿಗೆ ಬರುತ್ತಿದ್ದರು.

ಇನ್ನೊಂದು ಕಡೆ ಪ್ರೇಕ್ಷಕರು. ಇವರ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ನಟನಿಗಾದರೂ ಅದು ಅವನ ಕಸುಬು. ನೋಡಲು ಬರುವವನಿಗೆ ಏನು ದರ್ದು? ಮುತ್ತಿಗೆಯ ಊರಲ್ಲಿ ಜನ ಒಂದು ಕಡೆ ಸೇರೋದೇ ಅಪಾಯ. 1992ರ ಮೇ 27ಕ್ಕೆ ಬ್ರೆಡ್ ಸಾಲಿನ ಮೇಲೆ ಶೆಲ್ ಬಿದ್ದು 20ಕ್ಕೂ ಹೆಚ್ಚು ಜನ ಸತ್ತರು. 1994ರ ಫೆಬ್ರವರಿ 5ಕ್ಕೆ ಮಾರ್ಕಾಲೆ ಮಾರುಕಟ್ಟೆಯಲ್ಲಿ ಒಂದೇ ಶೆಲ್‌ಗೆ 68 ಜನ. ನೀರಿಗೆ, ಬ್ರೆಡ್ಡಿಗೆ ಹೋಗದೆ ವಿಧಿಯಿಲ್ಲ. ನಾಟಕಕ್ಕೆ ಹೋಗಲೇಬೇಕು ಅಂತೇನಿಲ್ಲ. ಆದರೂ ಹೋದರು. ಹೆಂಗಸರು ಲಿಪ್‌ಸ್ಟಿಕ್ ಹಚ್ಚಿಕೊಂಡು, ಇದ್ದುದರಲ್ಲೇ ಒಳ್ಳೇ ಬಟ್ಟೆ ಉಟ್ಟು ಹೋದರು. ಬಕೆಟ್ಟಿನಲ್ಲಿ ಹೊತ್ತು ತಂದ ನೀರಲ್ಲಿ ತಲೆ ತೊಳೆದುಕೊಂಡು ಹೋಗುವುದು ಅಂದರೆ ಏನು ಅಂತ ಒಂದು ಕ್ಷಣ ಯೋಚಿಸಿ. ಶೆಲ್ ಬಿದ್ದಾಗ ಎಲ್ಲರೂ ಅವರವರ ನೆಲಮಾಳಿಗೆಯಲ್ಲಿ ಒಂಟಿ. ಮುತ್ತಿಗೆ ಹಾಕಿದವರಿಗೆ ಬೇಕಾದದ್ದೂ ಅದೇ, ಪ್ರತಿಯೊಬ್ಬರೂ ಒಂಟಿಯಾಗಿ, ಹೊಟ್ಟೆಯ ಚಿಂತೆ ಒಂದರಲ್ಲೇ ಕರಗಿ ಹೋಗಬೇಕು. ನಾಟಕದ ಹಾಲ್‌ನಲ್ಲಿ ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಕೂತಿರುತ್ತಾರೆ, ಅವರೂ ನಿಮ್ಮ ಹಾಗೇ ಓಡಿ ಬಂದವರು. ಊರು ಇನ್ನೂ ಊರಾಗಿಯೇ ಇದೆ ಅಂತ ಗೊತ್ತಾಗುತ್ತಿದ್ದದ್ದು ಅಲ್ಲಿ.

ಗೋಡೊ ಬಂದ ಬೇಸಿಗೆ

ಹೊರಗಿನವರಿಗೆ ಗೊತ್ತಿರುವ ನಾಟಕ ಒಂದೇ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1993ರ ಏಪ್ರಿಲ್‌ನಲ್ಲಿ ಮೊದಲ ಸಲ ಸರಯೇವೊಗೆ ಬಂದು ಹೋದರು. ಅಲ್ಲಿನ ನಿರ್ದೇಶಕ ಹಾರಿಸ್ ಪಾಶೊವಿಚ್ ಜೊತೆ ಮಾತಾಡುವಾಗ, ಸುಮ್ನೆ ಬಂದು ನೋಡಿ ಹೋಗುವುದಕ್ಕಿಂತ ಏನಾದರೂ ಕೆಲಸ ಮಾಡಬೇಕು ಅನ್ನಿಸಿ, ಐರಿಷ್ ನಾಟಕಕಾರ ಬೆಕೆಟ್‌ನ "ವೇಟಿಂಗ್ ಫಾರ್ ಗೋಡೊ" ಮಾಡಿಸುತ್ತೇನೆ ಅಂದರು. ಇಬ್ಬರು ಬೀದಿ ಅಲೆಯುವವರು ಗೋಡೊ ಅನ್ನೋನಿಗಾಗಿ ಕಾಯುತ್ತಾರೆ, ಅವನು ಬರುವುದಿಲ್ಲ. ವಿಶ್ವಸಂಸ್ಥೆ, ಯುರೋಪು, ಅಮೆರಿಕ ಯಾರಾದರೂ ಬಂದು ಕಾಪಾಡುತ್ತಾರೆ ಅಂತ ಕಾಯುತ್ತಿದ್ದ ಊರಿಗೆ ಇದಕ್ಕಿಂತ ಸರಿಯಾದ ನಾಟಕ ಸಿಗುತ್ತಿತ್ತಾ?

ಜುಲೈನಲ್ಲಿ ತಾಲೀಮು ಶುರು. ಜಾಗ ಯುವ ರಂಗಮಂದಿರ. ಅದರ ಮುಂಭಾಗ, ಲಾಬಿ ಎಲ್ಲ ವರ್ಷದ ಹಿಂದೆಯೇ ಶೆಲ್‌ಗೆ ಒಡೆದು ಬಿದ್ದಿದ್ದವು, ಕಲ್ಲುಮಣ್ಣನ್ನೂ ಎತ್ತಿರಲಿಲ್ಲ. ಒಳಗೆ ಮೇಣದಬತ್ತಿ ಬೆಳಕು. ನಟರಿಗೆ ಕೈಯಲ್ಲಿದ್ದ ಹಾಳೆ ಕಾಣುತ್ತಿರಲಿಲ್ಲ. ಮಾತು ಬಾಯಿಪಾಠ ಆಗಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಮೊದಲು ಇದು ಯಾಕೆ ಅಂತ ಸೊಂಟಾಗ್‌ಗೆ ಅರ್ಥವಾಗಲಿಲ್ಲ, ಆಮೇಲೆ ತಿಳಿಯಿತು. ಅವರಿಗೆ ಹೊಟ್ಟೆ ತುಂಬ ಊಟವಿಲ್ಲ, ಬೆಳಗ್ಗೆ ನೀರಿಗೆ ಗಂಟೆಗಟ್ಟಲೆ ನಿಂತು, ಆ ಭಾರದ ಕ್ಯಾನು ಹೊತ್ತು ಮಹಡಿ ಮೆಟ್ಟಿಲು ಹತ್ತಿ ಇಟ್ಟು ಬಂದಿರುತ್ತಾರೆ. ತಾಲೀಮಿನ ನಡುವೆ ಒಂದು ಮಾತನ್ನೋ ಚಲನೆಯನ್ನೋ ತಿದ್ದಲು ಆಕೆ ಎರಡು ನಿಮಿಷ ನಿಲ್ಲಿಸಿದರೆ ಸಾಕು, ಒಬ್ಬರನ್ನು ಬಿಟ್ಟು ಉಳಿದ ನಟರೆಲ್ಲ ರಂಗದ ಮೇಲೇ ಮಲಗಿಬಿಡುತ್ತಿದ್ದರು. ಮಲಗದ ಆ ಒಬ್ಬರು ಯಜಮಾನ ಪೊಟ್ಸೊ ಪಾತ್ರ ಮಾಡಿದ ಇನೆಸ್ ಫಾಂಚೊವಿಚ್, ಅವರಿಗೆ ಆಗ 68 ವರ್ಷ.

ಈ ನಾಟಕದಲ್ಲಿ ಸೊಂಟಾಗ್ ಮಾಡಿದ ದೊಡ್ಡ ಬದಲಾವಣೆ ಅಂದರೆ ಗೋಡೊಗಾಗಿ ಕಾಯುವ ಆ ಇಬ್ಬರು, ವ್ಲಾದಿಮಿರ್ ಮತ್ತು ಎಸ್ಟ್ರಗಾನ್, ಒಂದು ಜೋಡಿಯ ಬದಲು ಮೂರು ಜೋಡಿ. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಒಂದು ಗಂಡು ಒಂದು ಹೆಣ್ಣು. ಎರಡು ಅಂಕದ ನಾಟಕದಲ್ಲಿ ಮೊದಲನೆಯದನ್ನು ಮಾತ್ರ ಆಡಿದರು. ಎರಡನೇ ಅಂಕದಲ್ಲಿ ಮತ್ತೆ ಅದೇ ಕಾಯುವಿಕೆ, ಮತ್ತೆ ಅದೇ ನಿರಾಸೆ. ಅದನ್ನು ಈ ಊರಿನವರ ಮುಂದೆ ಇಡುವುದು ಬೇಡ ಅನ್ನಿಸಿರಬೇಕು. ನಾಟಕ ಒಣಗಿದ ಶಾಸ್ತ್ರವಲ್ಲ, ಎದುರಿಗೆ ಕೂತವರನ್ನು ನೋಡಿ ಆಡುವಂಥದ್ದು. ಹಾಗಾಗಿ ಅವರು ಕತ್ತರಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಆಗಸ್ಟ್ 17ಕ್ಕೆ ಮೊದಲ ದಿನ. ಮಧ್ಯಾಹ್ನ 2ಕ್ಕೆ ಒಂದು, 4ಕ್ಕೆ ಇನ್ನೊಂದು ಪ್ರಯೋಗ. ಜಾಗ ಸಿಗದೆ ತುಂಬ ಜನ ವಾಪಸು ಹೋದರು. ಹುಡುಗ ಬಂದು ಗೋಡೊ ಇವತ್ತು ಬರಲ್ಲವಂತೆ, ನಾಳೆ ಖಂಡಿತ ಬರ್ತಾರಂತೆ ಅಂತ ಹೇಳಿದ ಮೇಲೆ ನಟರು ಸುಮಾರು ಹೊತ್ತು ಮಾತಿಲ್ಲದೆ ನಿಲ್ಲುತ್ತಾರೆ. ಒಂದು ಪ್ರಯೋಗದಲ್ಲಿ ಆ ಹೊತ್ತು ಕೂತವರಲ್ಲೂ ಯಾರೂ ಮಿಸುಕಲಿಲ್ಲವಂತೆ. ಹೊರಗೆ ವಿಶ್ವಸಂಸ್ಥೆಯ ಶಸ್ತ್ರಸಜ್ಜಿತ ಗಾಡಿ ಗಡಗಡ ಹೋದ ಸದ್ದು, ಸ್ನೈಪರ್ ಗುಂಡಿನ ಸದ್ದು, ಅಷ್ಟೇ ಕೇಳಿಸಿತು ಅಂತ ಸೊಂಟಾಗ್ ಬರೆದಿದ್ದಾರೆ. ನೊಂದ ಜನರಿಗೆ ಹಗುರವಾದದ್ದನ್ನು ತೋರಿಸಬಾರದಿತ್ತಾ ಅಂತ ಹೊರಗಿನ ಪತ್ರಕರ್ತರು ಕೇಳಿದ್ದರು. ಸರಯೇವೊದಲ್ಲೂ ಮನರಂಜನೆ ಒಂದೇ ಬೇಡದವರು ಇದ್ದಾರೆ, ತಮ್ಮ ಬದುಕನ್ನು ಕಲೆ ಸರಿಯಾಗಿ ಹಿಡಿದು ತೋರಿಸಿದಾಗ ಅವರಿಗೂ ಬಲ ಬರುತ್ತದೆ ಅನ್ನೋದು ಆಕೆಯ ನಿಲುವು.

ಇದನ್ನು ಟೀಕಿಸಿದವರೂ ಇದ್ದರು. ಫ್ರಾನ್ಸಿನ ಚಿಂತಕ ಬೊದ್ರಿಯಾರ್ ಇಂಥ ಭೇಟಿಗಳನ್ನು ಖಾರವಾಗಿಯೇ ಖಂಡಿಸಿದರು. ಹೊರಗಿನವರು ಬಂದು ತಮ್ಮ ಮನಸ್ಸಾಕ್ಷಿ ಹಗುರ ಮಾಡಿಕೊಂಡು ಹೋಗುತ್ತಾರೆ ಅನ್ನೋ ದೂರಿನಲ್ಲಿ ಸ್ವಲ್ಪ ನಿಜ ಇಲ್ಲದಿಲ್ಲ. ಆದರೆ ಸೊಂಟಾಗ್ ಒಂದೇ ಸಲ ಬಂದು ಹೋದವರಲ್ಲ, ಮುತ್ತಿಗೆ ಇದ್ದಾಗಲೇ ಎಷ್ಟೋ ಸಲ ಮತ್ತೆ ಮತ್ತೆ ಬಂದರು. ಊರಿನವರು ಅದನ್ನು ಮರೆಯಲಿಲ್ಲ, ರಾಷ್ಟ್ರೀಯ ರಂಗಮಂದಿರದ ಮುಂದಿನ ಚೌಕಕ್ಕೆ ಆಕೆಯ ಹೆಸರಿಟ್ಟರು. ನನ್ನ ತಕರಾರು ಬೇರೆ. ಈ ಕಥೆ ಹೇಳುವಾಗ ಎಲ್ಲರೂ ಸೊಂಟಾಗ್ ಗೋಡೊ ಅನ್ನುತ್ತಾರೆ, ಆಕೆ ಬರುವುದಕ್ಕೆ ಒಂದು ವರ್ಷ ಮೊದಲೇ ಶುರುವಾಗಿದ್ದ ಸಾರ್ತ್ರ್ ಹೆಸರು ಎತ್ತುವವರು ಕಮ್ಮಿ. ವಿದೇಶಿ ಪತ್ರಕರ್ತರಿಗೆ ತಮ್ಮ ಓದುಗರಿಗೆ ಗೊತ್ತಿರುವ ಹೆಸರು ಬೇಕಿತ್ತು, ಅಷ್ಟೇ. ಅವರು ಆ ಹೆಸರಿನ ಹಿಂದೆ ಹೋದರು. ಬೇಸಿಗೆ ಮುಗಿದ ಮೇಲೆ ಚಳಿಗಾಲದಲ್ಲೂ ಅದೇ ಹಾಲ್‌ಗಳಲ್ಲಿ ಆಡಿದವರು ಊರಿನವರು.

ಚೆಲ್ಲೊ ಅನ್ನೋ ದೊಡ್ಡ ಪಿಟೀಲಿನಂಥ ವಾದ್ಯ ನುಡಿಸುವ ವೆದ್ರಾನ್ ಸ್ಮೈಲೊವಿಚ್ ವಿಷಯದಲ್ಲೂ ಹೀಗೇ ಆಯಿತು. ಬ್ರೆಡ್ ಸಾಲಿನಲ್ಲಿ ಜನ ಸತ್ತ ಮೇಲೆ ಇವರು ಸಂಗೀತ ಕಚೇರಿಗೆ ಹಾಕುವ ಕರಿ ಕೋಟು ಹಾಕಿಕೊಂಡು ಬಂದು ಅದೇ ಜಾಗದಲ್ಲಿ ಕುರ್ಚಿ ಹಾಕಿ ಚೆಲ್ಲೊ ನುಡಿಸಿದರು. ಆಮೇಲೆ ಪಾಳು ಬಿದ್ದ ಕಟ್ಟಡಗಳಲ್ಲಿ, ಸ್ಮಶಾನಗಳಲ್ಲಿ ನುಡಿಸಿದರು. ಫೋಟೊ ಜಗತ್ತೆಲ್ಲ ಸುತ್ತಿತು. ಅವರ ಧೈರ್ಯಕ್ಕೆ ಕೈ ಮುಗಿಯಲೇಬೇಕು. ಆದರೆ ಒಬ್ಬ ಮನುಷ್ಯ, ಒಂದು ವಾದ್ಯ ಫೋಟೊದಲ್ಲಿ ಕೂರುವ ಹಾಗೆ ಒಂದು ಜನರೇಟರ್, ಅದಕ್ಕೆ ಡೀಸೆಲ್ ತಂದವನು, ಪಾಳಿ ಮುಗಿಸಿ ಬಂದ ನಟ, ಟಿಕೆಟ್ ಹರಿಯುವ ಹೆಂಗಸು ಇವೆಲ್ಲ ಕೂರುವುದಿಲ್ಲ.

ನಾಟಕದ ಸುತ್ತ ಇನ್ನೇನು ನಡೆಯಿತು ಅಂತ ಬೇಗ ಬೇಗ ಹೇಳುತ್ತೇನೆ. ಟ್ರಿಯೊ ಅನ್ನೋ ವಿನ್ಯಾಸಕರ ಗುಂಪು ಕೋಕಾ ಕೋಲಾ ಅಕ್ಷರಗಳ ಮಾದರಿಯಲ್ಲೇ ಊರಿನ ಹೆಸರು ಬರೆದು ಪೋಸ್ಟರ್ ಮಾಡಿತು. ದೊಡ್ಡ ಹಾಳೆ ಸಿಗದಿದ್ದಕ್ಕೆ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಅಚ್ಚು ಹಾಕಿದರು. ಓಬಾಲಾ ಕಲಾಕೇಂದ್ರದವರು ಸುಟ್ಟುಹೋದ ಒಂದು ಸಿನಿಮಾ ಮಂದಿರದಲ್ಲಿ ಪ್ರದರ್ಶನಗಳನ್ನು ಮಾಡಿದರು. ಸಾಮಗ್ರಿಯೆಲ್ಲ ಯುದ್ಧ ಕೊಟ್ಟದ್ದೇ, ಬೂದಿ, ಒಡೆದ ಗಾಜು, ಮುರಿದ ಇಟ್ಟಿಗೆ. ವೆನಿಸ್ ದ್ವೈವಾರ್ಷಿಕ ಪ್ರದರ್ಶನಕ್ಕೆ ಕರೆ ಬಂದರೂ ಊರು ಬಿಟ್ಟು ಹೋಗಲಾಗಲಿಲ್ಲ. ಇದೇ ಓಬಾಲಾದವರು ನೆಲಮಾಳಿಗೆಯಲ್ಲಿ ಅಪೋಲೊ ಅಂತ ಯುದ್ಧದ ಸಿನಿಮಾ ಮಂದಿರ ನಡೆಸಿದರು. ಟಿಕೆಟ್ಟಿಗೆ ದುಡ್ಡಿನ ಬದಲು ಸಿಗರೇಟು ಕೊಟ್ಟವರೂ ಉಂಟು. ಆಗ ಊರಲ್ಲಿ ನಡೆಯುತ್ತಿದ್ದ ನಾಣ್ಯವೇ ಸಿಗರೇಟು. 1993ರಲ್ಲಿ ಹಾರಿಸ್ ಪಾಶೊವಿಚ್ ಒಂದು ಸಿನಿಮೋತ್ಸವ ಮಾಡಿದರು. ಯುದ್ಧದ ಹೊತ್ತಲ್ಲಿ ಸಿನಿಮೋತ್ಸವ ಯಾಕೆ ಅಂತ ಪತ್ರಕರ್ತರು ಕೇಳಿದ್ದಕ್ಕೆ, ಸಿನಿಮೋತ್ಸವದ ಹೊತ್ತಲ್ಲಿ ಯುದ್ಧ ಯಾಕೆ ಅಂತ ತಿರುಗಿ ಕೇಳಿದರಂತೆ. ಇವತ್ತು ಆ ಭಾಗದ ದೊಡ್ಡ ಉತ್ಸವಗಳಲ್ಲಿ ಒಂದಾದ ಸರಯೇವೊ ಸಿನಿಮೋತ್ಸವವನ್ನು ಓಬಾಲಾದವರು ಶುರು ಮಾಡಿದ್ದು 1995ರ ಅಕ್ಟೋಬರ್‌ನಲ್ಲಿ, ಮುತ್ತಿಗೆ ಇನ್ನೂ ಎದ್ದಿರಲಿಲ್ಲ.

ವಿಯೆಚ್ನಿತ್ಸಾ ಅನ್ನೋ ಕಟ್ಟಡದ ವಿಷಯ ಮಾತ್ರ ಬೇಗ ಹೇಳಿ ಮುಗಿಸೋಕಾಗಲ್ಲ. ಹೊಳೆ ದಡದಲ್ಲಿರುವ ಈ ಹಳೇ ಪುರಭವನದಲ್ಲಿ ರಾಷ್ಟ್ರೀಯ ಗ್ರಂಥಾಲಯ ಇತ್ತು. 1992ರ ಆಗಸ್ಟ್ 25ರ ರಾತ್ರಿ ಬೆಟ್ಟದಿಂದ ಬೆಂಕಿ ಹೊತ್ತಿಸುವ ಶೆಲ್‌ಗಳನ್ನು ಹೊಡೆದರು. ಗ್ರಂಥಾಲಯದವರೂ ಅಕ್ಕಪಕ್ಕದವರೂ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು, ಮೇಲಿಂದ ಗುಂಡು ಹಾರುತ್ತಲೇ ಇತ್ತು. ಉಳಿದದ್ದು ಸ್ವಲ್ಪ, ಹೋದದ್ದು ಲಕ್ಷಗಟ್ಟಲೆ. ಸುಟ್ಟ ಹಾಳೆಯ ಚೂರುಗಳು ಎಷ್ಟೋ ಹೊತ್ತು ಊರಿನ ಮೇಲೆ ಉದುರುತ್ತಿದ್ದವು. ಐದಾ ಬುಟುರೊವಿಚ್ ಅನ್ನೋ ಯುವ ಗ್ರಂಥಪಾಲಕಿ ಪುಸ್ತಕ ಉಳಿಸುವ ಕೆಲಸದಿಂದ ಮನೆಗೆ ಹೋಗುವಾಗ ಶೆಲ್‌ಗೆ ಬಲಿಯಾದರು. ಸೇನೆ ಗ್ರಂಥಾಲಯಕ್ಕೆ ಯಾಕೆ ಗುರಿ ಇಡುತ್ತದೆ? ಅಲ್ಲಿ ಬಂದೂಕಿಲ್ಲ, ಸೈನಿಕರಿಲ್ಲ. ಇದ್ದದ್ದು ಆ ಊರಿನ ಬೇರೆ ಬೇರೆ ಜನ ನೂರಾರು ವರ್ಷ ಒಟ್ಟಿಗೆ ಓದಿ ಬರೆದದ್ದರ ಪುರಾವೆ. ಸಾರ್ತ್ರ್‌ನವರು ಯಾಕೆ ಆಡಿದರು ಅನ್ನೋದೂ ನನಗೆ ಇಲ್ಲಿಂದಲೇ ಅರ್ಥವಾಗೋದು. ಹೊಡೆಯುತ್ತಿದ್ದವರು ಈ ಒಟ್ಟು ಬಾಳನ್ನೇ ಹೊಡೆಯುತ್ತಿದ್ದರು, ನಾಟಕದವರು ಅದನ್ನೇ ಉಳಿಸಲು ನಿಂತರು.

ಆ ಗ್ರಂಥಾಲಯದ ಚಾವಣಿ ಕುಸಿದ ಹಾಲ್‌ನಲ್ಲೇ 1994ರ ಜೂನ್ 19ಕ್ಕೆ ಮೊತ್ಸಾರ್ಟ್‌ನ "ರಿಕ್ವಿಯೆಂ", ಅಂದರೆ ಸತ್ತವರಿಗಾಗಿ ಹಾಡುವ ಪ್ರಾರ್ಥನೆಯ ಸಂಗೀತ, ಕೇಳಿಸಿತು. ನಡೆಸಿಕೊಟ್ಟವರು ನಮ್ಮ ಮುಂಬೈಯಲ್ಲಿ ಹುಟ್ಟಿ ಬೆಳೆದ ಜುಬಿನ್ ಮೆಹ್ತಾ. ಹೊಸೆ ಕರೇರಾಸ್‌ನಂಥ ದೊಡ್ಡ ಗಾಯಕರು ಹೊರಗಿಂದ ಬಂದಿದ್ದರು, ವಾದ್ಯದವರು, ಮೇಳದವರು ಸರಯೇವೊದವರೇ. ಸರಯೇವೊ ಫಿಲ್ಹಾರ್ಮೋನಿಕ್‌ನಲ್ಲಿ ಅಷ್ಟು ಹೊತ್ತಿಗೆ ಕೆಲವರು ಸತ್ತಿದ್ದರು, ಎಷ್ಟೋ ಜನ ಊರು ಬಿಟ್ಟಿದ್ದರು. ಉಳಿದವರು ಕೂತು ನುಡಿಸಿದರು.

ಊರು ಬಿಟ್ಟವರನ್ನು ನಾನು ದೂರುವುದಿಲ್ಲ. ಮಕ್ಕಳಿದ್ದವರು, ಕಾಯಿಲೆಯವರು, ದಾರಿ ಸಿಕ್ಕವರು ಹೋದರು. ಸ್ಮೈಲೊವಿಚ್ ಕೂಡ 1993ರ ಕೊನೆಯಲ್ಲಿ ಹೊರಟರು. ಕಲೆ ಹಸಿವನ್ನು ಇಂಗಿಸಲಿಲ್ಲ, ಶೆಲ್ ತಡೆಯಲಿಲ್ಲ, ಗೋಡೊ ನೋಡಿ ಯಾವ ದೇಶವೂ ಮರುದಿನ ವಿಮಾನ ಕಳಿಸಲಿಲ್ಲ. ನ್ಯಾಟೊ ದಾಳಿ ಜೋರಾಗಿ ನಡೆದದ್ದು 1995ರ ಆಗಸ್ಟ್ ಕೊನೆಗೆ, ಮಾರ್ಕಾಲೆಯಲ್ಲಿ ಎರಡನೇ ಸಲ ಜನ ಸತ್ತ ಮೇಲೆ. ನಾಟಕದಿಂದ ಯುದ್ಧ ನಿಂತಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿನ ಕಲಾವಿದರೇ ಹಾಗೆ ಹೇಳುವುದಿಲ್ಲ.

ಯುದ್ಧ ಮುಗಿದ ಮೇಲಿನದ್ದೂ ಈ ಪ್ರಕರಣದ ಭಾಗವೇ, ಜನ ಅದನ್ನು ಬಿಟ್ಟು ಹೇಳುತ್ತಾರೆ. ಸಾರ್ತ್ರ್ ಇವತ್ತಿಗೂ ಅದೇ ಹೆಸರಲ್ಲಿ ನಾಟಕ ಆಡುತ್ತಿದೆ. ವಿಯೆಚ್ನಿತ್ಸಾ 2014ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಆದರೆ ಬೋಸ್ನಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕಥೆ ಕೇಳಿ. ಅದು ಇದ್ದದ್ದು ಗುಂಡು ಹಾರುವ ಗಡಿಯಲ್ಲೇ. 1992ರಲ್ಲಿ ಅದರ ಅತಿ ದೊಡ್ಡ ಆಸ್ತಿಯಾದ ಸರಯೇವೊ ಹಗ್ಗಾದಾ ಅನ್ನೋ 14ನೇ ಶತಮಾನದ ಯಹೂದಿ ಹಸ್ತಪ್ರತಿಯನ್ನು ಪ್ರೊಫೆಸರ್ ಎನ್ವೆರ್ ಇಮಾಮೊವಿಚ್ ಕೆಲವು ಪೊಲೀಸರ ಜೊತೆ ಒಳಗೆ ಹೋಗಿ ಹೊರಗೆ ತಂದರು, ಅದು ಬ್ಯಾಂಕಿನ ತಿಜೋರಿ ಸೇರಿತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಕೈಗೆ ಸಿಗದ ಹಾಗೆ ಇದೇ ಪುಸ್ತಕವನ್ನು ಬಚ್ಚಿಟ್ಟವರು ದೆರ್ವಿಷ್ ಕೊರ್ಕುತ್ ಅನ್ನೋ ಮುಸ್ಲಿಂ ಗ್ರಂಥಪಾಲಕರು. ಎರಡೆರಡು ಯುದ್ಧ ದಾಟಿದ ಈ ಸಂಸ್ಥೆ 2012ರ ಅಕ್ಟೋಬರ್‌ನಲ್ಲಿ, ಶಾಂತಿಯ ಕಾಲದಲ್ಲಿ, ಬಾಗಿಲಿಗೆ ಹಲಗೆ ಹೊಡೆದು ಮುಚ್ಚಿತು. ಯಾವ ಸರ್ಕಾರ ದುಡ್ಡು ಕೊಡಬೇಕು ಅನ್ನೋ ಜಗಳ ಬಗೆಹರಿಯಲೇ ಇಲ್ಲ. ಸಂಬಳ ಇಲ್ಲದೆ ಸಿಬ್ಬಂದಿ ಸುಮಾರು ಮೂರು ವರ್ಷ ಕೆಲಸಕ್ಕೆ ಬಂದರು, ವಸ್ತುಗಳನ್ನು ನೋಡಿಕೊಂಡರು. ಕೊನೆಗೆ 2015ರಲ್ಲಿ ಊರಿನ ಜನ, ಕಲಾವಿದರು "ನಾನೇ ಮ್ಯೂಸಿಯಂ" ಅಂತ ಒಂದು ಅಭಿಯಾನ ಮಾಡಿ, ಪಾಳಿ ಹಾಕಿಕೊಂಡು ಬಂದು ಒಳಗೆ ಕಾವಲು ಕೂತರು. ಆ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು.